ಬೆಳಗ್ಗೆ ಪರದೆಯ ಮೇಲೆ ಉಳಿದವರು

ರಾತ್ರಿ ಪತಂಗ ನೋಡಲು ಬೇಕಾದದ್ದು ತೀರಾ ಕಡಿಮೆ. ಒಂದು ಬಿಳಿ ಬಟ್ಟೆ, ಒಂದು ಮರ್ಕ್ಯುರಿ ಬಲ್ಬು, ಮಲೆನಾಡಿನ ಒಂದು ಕಗ್ಗತ್ತಲ ರಾತ್ರಿ. ಸ್ವಲ್ಪ ಹೊತ್ತಿಗೆ ಬಟ್ಟೆ ತುಂಬುತ್ತದೆ, ಹಿಂದೆಯೇ ಕರೆಯದ ಅತಿಥಿಗಳೂ ಬರುತ್ತಾರೆ. ಬುಡದಲ್ಲಿ ಕಪ್ಪೆ, ಮೇಲೆ ಬಾವಲಿ, ಕಂಬದಲ್ಲಿ ಹಲ್ಲಿ. ಹಲ್ಲಿ ದೊಡ್ಡ ಪತಂಗಕ್ಕೆ ಬಾಯಿ ಹಾಕಿ, ಹಿಡಿತ ತಪ್ಪಿ ಕೆಳಗಿದ್ದವರ ತಲೆ ಮೇಲೆ ಬೀಳುವುದೂ ಉಂಟು. ಕೂಡಲೇ ಪಂಚಾಂಗ ತೆಗೆದು ಹಲ್ಲಿ ಶಕುನ ಹುಡುಕುವವರಿದ್ದಾರೆ. ಸ್ವಾಮಿ, ಹಲ್ಲಿಗೆ ನಿಮ್ಮ ಭವಿಷ್ಯ ಗೊತ್ತಿಲ್ಲ. ಊಟ ಎಲ್ಲಿ ಸಿಗುತ್ತೆ ಅನ್ನೋದು ಮಾತ್ರ ಗೊತ್ತು.

ಇದನ್ನೆಲ್ಲ ಬರೀ ಕಾಟ ಅಂದುಕೊಳ್ಳುವವರೇ ಜಾಸ್ತಿ. ನನ್ನ ತಕರಾರು ಅಲ್ಲೇ. ಇವು ಸಿಕ್ಕಿದ್ದನ್ನೆಲ್ಲ ಸುಮ್ನೆ ತಿನ್ನುವುದಿಲ್ಲ, ಆರಿಸಿ ತಿನ್ನುತ್ತವೆ. ಬೆಳಕು ಹರಿಯುವಾಗ ಕಾಜಾಣ, ಮಡಿವಾಳ ಹಕ್ಕಿ ಬಟ್ಟೆಯ ಹತ್ತಿರ ಹಾಜರ್. ಮೈತುಂಬಿದ ಪತಂಗವನ್ನು ಹಿಡಿದು ಕೊಂಬೆಗೆ ಬಡಿದು, ರೆಕ್ಕೆ ಉದುರಿಸಿ ನುಂಗುತ್ತವೆ. ಕಹಿ ರಸಾಯನ ತುಂಬಿಕೊಂಡ, ಗಾಢ ಬಣ್ಣದ ಟೈಗರ್ ಪತಂಗಗಳ ತಂಟೆಗೆ ಹೋಗುವುದು ಕಡಿಮೆ. ನೀವು ನಿದ್ದೆ ಮುಗಿಸಿ ಏಳು ಗಂಟೆಗೆ ಎಣಿಸಿದರೆ, ಈ ಕಾಡಿನಲ್ಲಿ ಟೈಗರ್ ಪತಂಗಗಳೇ ಹೆಚ್ಚು ಅಂತ ಬರೆದುಕೊಳ್ಳುತ್ತೀರಿ. ಮದುವೆ ಮನೆಯ ಎಂಜಲೆಲೆಯಲ್ಲಿ ಕರಿಬೇವು, ಉಪ್ಪು ಮಾತ್ರ ಇದೆ, ಹಾಗಾಗಿ ಹೋಳಿಗೆ ಬಡಿಸಲೇ ಇಲ್ಲ ಅಂದಹಾಗೆ!

ಪತಂಗಗಳು ಇಷ್ಟು ಸುಲಭವಾಗಿ ಸಿಕ್ಕಿಬೀಳುವುದೇಕೆ? ಅವು ದೀಪಕ್ಕೆ ಮರುಳಾಗುತ್ತವೆ ಅನ್ನುವುದು ಕವಿಗಳ ಮಾತು. 2024ರಲ್ಲಿ ಪ್ರಕಟವಾದ, ಅತಿವೇಗದ ಕ್ಯಾಮೆರಾ ಬಳಸಿದ ಅಧ್ಯಯನ ಬೇರೆಯೇ ಹೇಳಿತು. ಹಾರುವ ಬಹುಪಾಲು ಕೀಟಗಳು ಬೆನ್ನನ್ನು ಬೆಳಕಿನ ಕಡೆಗೆ ಇಟ್ಟುಕೊಳ್ಳುತ್ತವೆ. ರಾತ್ರಿಯೂ ನೆಲಕ್ಕಿಂತ ಆಕಾಶವೇ ಕೊಂಚ ಬೆಳಗಿರುತ್ತದೆ, ಅಲ್ವಾ? ಹಾಗಾಗಿ ಬೆನ್ನು ಬೆಳಕಿನ ಕಡೆ ಇದ್ದರೆ ಮೈ ನೆಟ್ಟಗಿದೆ ಅಂತ ಲೆಕ್ಕ. ಕೋಟ್ಯಂತರ ವರ್ಷ ಈ ಲೆಕ್ಕ ತಪ್ಪಿರಲಿಲ್ಲ. ಈಗ ಪಕ್ಕದಲ್ಲೊಂದು ಬಲ್ಬು ಉರಿಯುತ್ತದೆ. ಹುಳ ಬೆನ್ನನ್ನು ಅತ್ತ ವಾಲಿಸುತ್ತದೆ, ದಾರಿ ಬಾಗುತ್ತದೆ, ಮತ್ತೆ ವಾಲಿಸುತ್ತದೆ, ಸುತ್ತುತ್ತಲೇ ಇರುತ್ತದೆ. ದೀಪದ ಮೇಲೆ ಹಾದರೆ ಮಗುಚಿ ಬೀಳುತ್ತದೆ. ನೆಲದಲ್ಲಿ ಕಪ್ಪೆ ಕಾಯುವುದು ಇಂಥವಕ್ಕೇ.

ಬಾವಲಿಯ ಕಥೆ ಇನ್ನೂ ಚೆಂದ. ಅನೇಕ ಪತಂಗಗಳಿಗೆ ಬಾವಲಿಯ ಶ್ರವಣಾತೀತ ಕೂಗು ಕೇಳುತ್ತದೆ. ಕೂಗು ಹತ್ತಿರವಾದರೆ ರೆಕ್ಕೆ ಮಡಚಿ ದೊಪ್ಪನೆ ಬೀಳುತ್ತವೆ. ಮರ್ಕ್ಯುರಿ ದೀಪದ ಬೆಳಕಿನಲ್ಲಿ ಈ ತಪ್ಪಿಸಿಕೊಳ್ಳುವ ಆಟ ಬಹಳ ಕುಗ್ಗುತ್ತದೆ ಎಂದು ಸ್ವೀಡನ್ನಿನ ಸಂಶೋಧಕರು 1998ರಲ್ಲೇ ತೋರಿಸಿದ್ದರು. ಅಂದರೆ ನಮ್ಮ ದೀಪ ಬಾವಲಿಗೆ ಊಟವನ್ನೂ ಕೊಡುತ್ತದೆ, ಊಟದ ಕಿವಿಯನ್ನೂ ಮುಚ್ಚಿಸುತ್ತದೆ.

ಕೀಟಗಳನ್ನು ಹಿಡಿದಾದ ಮೇಲಾದರೂ ನೆಮ್ಮದಿಯೇ? 1858ರಲ್ಲಿ ನ್ಯೂಗಿನಿಯ ಡೋರೆಯಲ್ಲಿ ಕೀಟ ಸಂಗ್ರಹಿಸುತ್ತಿದ್ದ ಬ್ರಿಟಿಷ್ ನಿಸರ್ಗತಜ್ಞ ಆಲ್ಫ್ರೆಡ್ ವಾಲೇಸನನ್ನು ಕೇಳಬೇಕಿತ್ತು. ಸಣ್ಣ ಕಪ್ಪಿರುವೆಗಳು ಅವನ ಕಣ್ಣೆದುರಿಗೇ ಮೇಜಿನ ಮೇಲಿನ ಕೀಟಗಳನ್ನು ಹೊತ್ತೊಯ್ದವು. ಕಾರ್ಡಿಗೆ ಅಂಟಿಸಿದ್ದನ್ನೂ ಬಿಡದೆ ಕಿತ್ತವು. ಅದೇ ವರ್ಷ ನೈಸರ್ಗಿಕ ಆಯ್ಕೆಯ ವಿಚಾರವನ್ನು ಡಾರ್ವಿನ್ನನಿಗೆ ಬರೆದು ಕಳಿಸಿದ ಮನುಷ್ಯ ಇರುವೆಗೆ ಸೋತಿದ್ದ!

ಜೀರುಂಡೆಗಾಗಿ ನೆಲಕ್ಕೆ ಸಮನಾಗಿ ಹೂಳುವ ಲೋಟಗಳದ್ದು ಬೇರೆ ಗೋಳು. ಬಿದ್ದ ಹುಳ ಕೊಳೆಯದಿರಲಿ ಅಂತ ಒಳಗೆ ಉಪ್ಪುನೀರು ಹಾಕಿದರೆ ದನ, ಜಿಂಕೆ ನೆಕ್ಕಲು ಬರುತ್ತವೆ. ಕಾರಿನ ರೇಡಿಯೇಟರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ಹಾಕುವುದಂತೂ ಬೇಡವೇ ಬೇಡ. ಅದು ಸಿಹಿ, ಮತ್ತು ವಿಷ. ಕುಡಿದ ನಾಯಿ, ನರಿಯ ಮೂತ್ರಪಿಂಡ ಕೆಡುತ್ತದೆ. ಪ್ರೊಪಿಲೀನ್ ಗ್ಲೈಕಾಲ್ ಅದಕ್ಕಿಂತ ಎಷ್ಟೋ ಸುರಕ್ಷಿತ. ಮೇಲೆ ಕೋಳಿ ಗೂಡಿನ ತಂತಿ ಬಲೆ ಹೊದಿಸಿ ಗೂಟ ಹೊಡೆದರೆ ನಾಯಿ, ಮಂಗ ಸುಮ್ಮನಾಗಬಹುದು. ಕಾಡುಹಂದಿ ಮನಸ್ಸು ಮಾಡಿದರೆ ಗೂಟವೂ ಇಲ್ಲ, ಲೋಟವೂ ಇಲ್ಲ. ಆಗ ಆ ಲೋಟದ ಮುಂದೆ ‘ಕೀಟ ಸೊನ್ನೆ’ ಅಂತ ಬರೆಯಬಾರದು, ‘ಲೋಟ ನಾಶ’ ಅಂತಲೇ ಬರೆಯಬೇಕು. ಎರಡೂ ಒಂದೇ ಅಲ್ಲ.

ಬಟ್ಟೆಯ ಲೆಕ್ಕ ಮಾತ್ರ ಕೊಂಚ ಸರಿಪಡಿಸಬಹುದು. ರಾತ್ರಿಯಿಡೀ ಗಂಟೆಗೊಮ್ಮೆ ಫೋಟೋ ತೆಗೆಯಿರಿ. ಹಕ್ಕಿ ಏಳುವ ಮುಂಚೆ ದೀಪ ಆರಿಸಿ, ಬಟ್ಟೆ ಮೆಲ್ಲಗೆ ಕೊಡವಿ. ಆಮೇಲೆ ಕೆಳಗೆ ಬಿದ್ದ ರೆಕ್ಕೆ ಹೆಕ್ಕಿ ಲಕೋಟೆಗೆ ಹಾಕಿಕೊಳ್ಳಿ. ಎಷ್ಟೋ ಪತಂಗಗಳ ಗುರುತು ಮುಂದಿನ ಒಂದು ರೆಕ್ಕೆಯಿಂದಲೇ ಸಿಗುತ್ತದೆ. ಎಣಿಸುವಾಗ ಎಡಗಡೆಯ ಮುಂದಿನ ರೆಕ್ಕೆಗಳನ್ನಷ್ಟೇ ಎಣಿಸಿ, ಇಲ್ಲದಿದ್ದರೆ ಕಾಜಾಣ ತಿಂದ ಒಂದೇ ಪತಂಗ ನಿಮ್ಮ ಪುಸ್ತಕದಲ್ಲಿ ನಾಲ್ಕಾಗುತ್ತದೆ.