ಎಲೆ ತಿರುವಿ ನೋಡದ ಯಂತ್ರ

ವಿಜಯಪುರದಲ್ಲಿ ಕಂಪ್ಯೂಟರ್ ವಿಜ್ಞಾನ ಕಲಿಸುವ ನನ್ನ ಮೇಜಿಗೆ ಪ್ರತಿ ವರ್ಷ ಇಂಥ ಒಂದಾದರೂ ಪ್ರಾಜೆಕ್ಟ್ ಬರುತ್ತದೆ: ದ್ರಾಕ್ಷಿ ಎಲೆಯ ಫೋಟೊ ನೋಡಿ ರೋಗ ಹೇಳುವ ಯಂತ್ರ, ನಿಖರತೆ ಶೇ 99. ಬಹಳ ಕಾಲ ಖುಷಿಯಿಂದಲೇ ಸಹಿ ಹಾಕಿದೆ. ನನ್ನ ಪಿಎಚ್.ಡಿ. ಪ್ರಬಂಧದಲ್ಲಿಯೂ ಇಂಥದೇ ಕೋಷ್ಟಕಗಳಿವೆ. ದಶಾಂಶದ ಎರಡನೇ ಸ್ಥಾನಕ್ಕಾಗಿ ತಿಂಗಳುಗಟ್ಟಲೆ ನಿದ್ದೆಗೆಟ್ಟವನು ನಾನು.

ಒಮ್ಮೆ ಒಬ್ಬ ವಿದ್ಯಾರ್ಥಿ ಆ ಯಂತ್ರವನ್ನು ಮೊಬೈಲ್‌ಗೆ ಇಳಿಸಿಕೊಂಡು ತಿಕೋಟಾ ಕಡೆಯ ತನ್ನ ಮನೆಯ ತೋಟಕ್ಕೆ ಒಯ್ದ. ಅಕ್ಟೋಬರ್ ಚಾಟನಿ (ಬಳ್ಳಿ ಸವರುವ ಕೆಲಸ) ಮುಗಿದ ಮೇಲೆ ಮಳೆ ಹಿಡಿದಿತ್ತು. ಎಲೆಗಳ ಮೇಲೆ ಎಣ್ಣೆ ಸವರಿದಂಥ ಹಳದಿ ಮಚ್ಚೆಗಳು. ಅವನ ಅಪ್ಪ ಒಂದು ಎಲೆಯನ್ನು ತಿರುವಿ, ಅಡಿಯ ಬಿಳಿ ಬೂಜು ನೋಡಿ ‘ಡೌನಿ’ ರೋಗ ಎಂದರು. ಯಂತ್ರ ಬೇರೆಯದೇ ರೋಗದ ಹೆಸರು ಹೇಳಿತು: ‘ಕಪ್ಪು ಕೊಳೆ’.

ಅದಕ್ಕೆ ಡೌನಿ ಎಂಬ ಹೆಸರೇ ಗೊತ್ತಿರಲಿಲ್ಲ. ನಮ್ಮ ಹುಡುಗರು ಯಂತ್ರಕ್ಕೆ ಕಲಿಸಲು ಬಳಸುವುದು ‘ಪ್ಲಾಂಟ್‌ವಿಲೇಜ್’ ಎಂಬ ಚಿತ್ರಸಂಗ್ರಹವನ್ನು: 14 ಬೆಳೆಗಳು, 54 ಸಾವಿರ ಚಿತ್ರಗಳು, 38 ವರ್ಗಗಳು (ಒಂದು ಬೆಳೆಯ ಒಂದು ರೋಗ, ಇಲ್ಲವೇ ಅದರ ಆರೋಗ್ಯವಂತ ಎಲೆ, ಒಂದೊಂದು ವರ್ಗ). ದ್ರಾಕ್ಷಿಗೆ ಅದರಲ್ಲಿ ಮೂರೇ ರೋಗ. ಡೌನಿಯೂ ಇಲ್ಲ, ಬೂದಿ ರೋಗವೂ ಇಲ್ಲ. ಬಾಗಲಕೋಟೆಯವರ ದಾಳಿಂಬೆಯಂತೂ ಬೆಳೆಗಳ ಪಟ್ಟಿಯಲ್ಲೇ ಇಲ್ಲ. ‘ಗೊತ್ತಿಲ್ಲ’ ಎನ್ನಲು ಕಲಿಯದ ಯಂತ್ರ 38ರಲ್ಲಿ ಒಂದನ್ನು ಹೇಳಲೇಬೇಕು, ಹೇಳಿತು.

ಹಾಗಾದರೆ ಶೇ 99 ಸುಳ್ಳೇ? ಅಲ್ಲ. 2016ರಲ್ಲಿ ಮೊಹಾಂತಿ ಎಂಬ ಸಂಶೋಧಕ ಮತ್ತು ಸಂಗಡಿಗರು ಈ ಸಂಗ್ರಹದ ಮೇಲೆ ಪಡೆದ ನಿಖರತೆ ಶೇ 99.35. ಬೇರೆಡೆಯಿಂದ ತಂದ ಚಿತ್ರಗಳನ್ನು ಕೊಟ್ಟಾಗ ಅದು ಶೇ 31ರ ಆಸುಪಾಸಿಗೆ ಕುಸಿಯಿತು. ಎರಡನ್ನೂ ಅವರು ಒಂದೇ ಪ್ರಬಂಧದಲ್ಲಿ ಬರೆದಿದ್ದಾರೆ. ವಿದ್ಯಾರ್ಥಿಗಳ ವರದಿಗಳಲ್ಲಿ ಮೊದಲನೆಯದು ಮಾತ್ರ ಕಾಣಿಸುತ್ತದೆ!

ಕಲಿಯುವುದೆಂದರೆ ಯಂತ್ರಕ್ಕೆ ಇಷ್ಟೇ: ಒಂದು ಉತ್ತರ ಹೇಳುವುದು, ತಪ್ಪಾದರೆ ತನ್ನೊಳಗಿನ ಲಕ್ಷಾಂತರ ಸಂಖ್ಯೆಗಳನ್ನು ತುಸು ತುಸು ತಿರುಗಿಸಿ, ತಪ್ಪು ಕಡಿಮೆಯಾಗುವವರೆಗೆ ಹೀಗೇ ಮುಂದುವರಿಯುವುದು. ಮಚ್ಚೆಯನ್ನೇ ನೋಡಬೇಕೆಂದು ಅದಕ್ಕೆ ಯಾರೂ ಹೇಳಿಲ್ಲ. ಎಲೆ ಕಿತ್ತು, ಹಾಳೆಯ ಮೇಲಿಟ್ಟು ತೆಗೆದ ಚಿತ್ರಗಳಲ್ಲಿ ಒಂದು ರೋಗದ ಹಿಂದೆ ಒಂದು ಬಗೆಯ ನೆರಳು, ಇನ್ನೊಂದರ ಹಿಂದೆ ಇನ್ನೊಂದು ಬಗೆಯ ಬೆಳಕು ಇದ್ದರೆ ಅದೂ ಸುಳಿವೇ. 2022ರಲ್ಲಿ ನೋಯಾನ್ ಎಂಬ ಸಂಶೋಧಕ ಮತ್ತು ಅವರ ತಂಡ ಎಲೆಯನ್ನು ಪೂರ್ತಿ ಬಿಟ್ಟು, ಹಿನ್ನೆಲೆಯ ಬರೀ 8 ಪಿಕ್ಸೆಲ್‌ಗಳನ್ನು ಯಂತ್ರಕ್ಕೆ ಕೊಟ್ಟರು. ಕಣ್ಣು ಮುಚ್ಚಿ ಹೇಳಿದರೆ ಶೇ 2.6 ಸರಿಯಾಗಬೇಕಾದಲ್ಲಿ ಅದು ಶೇ 49ರಷ್ಟು ಸರಿ ಹೇಳಿತು. ಪ್ರಶ್ನೆ ಓದದೆ, ಪತ್ರಿಕೆಯ ಬಣ್ಣ ನೋಡಿ ಪಾಸಾದ ಹುಡುಗನಂತೆ.

ಈಗ ನಾನು ಸಹಿ ಹಾಕುವ ಮೊದಲು ಒಂದು ಷರತ್ತು ಇಡುತ್ತೇನೆ. ಫೋಟೊ ತೋಟದಲ್ಲೇ ತೆಗೆಯಬೇಕು. ಪರೀಕ್ಷೆಗೆ ಯಂತ್ರ ಹಿಂದೆಂದೂ ನೋಡದ ಇಡೀ ತೋಟವೊಂದನ್ನು ಎತ್ತಿಡಬೇಕು. ನಿಖರತೆ ದಡಬಡನೆ ಇಳಿಯುತ್ತದೆ, ಹುಡುಗರು ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ತಿಕೋಟಾದ ಹುಡುಗ ಮಾತ್ರ ಅಪ್ಪನಿಂದ ಕಲಿತದ್ದನ್ನು ತನ್ನ ಸಂಗ್ರಹಕ್ಕೆ ಸೇರಿಸಿದ: ಪ್ರತಿ ಎಲೆಗೂ ಎರಡು ಫೋಟೊ, ಒಂದು ಮೇಲಿನದು, ಒಂದು ಅಡಿಯದು.