ಪದ ಪರಿಚಯ: ಕಂಡಮ್

ಸಕಲೇಶಪುರದ ಕಡೆ ನಮ್ಮೂರ ಸರ್ಕಾರಿ ಶಾಲೆಯಲ್ಲಿ ಒಂದು ಹಳೇ ಹೆಂಚಿನ ಕೊಠಡಿ ಇತ್ತು. ಪಕ್ಕದಲ್ಲೇ ಆರ್‌ಸಿಸಿ ಕೊಠಡಿ ಎದ್ದ ಮೇಲೆ ಇದರಲ್ಲಿ ಪಾಠ ನಿಂತಿತು. ಯಾರನ್ನು ಕೇಳಿದರೂ ಒಂದೇ ಮಾತು: "ಅದು ಕಂಡಮ್ ಆಗಿದೆ." ಆದರೆ ಮಳೆಗಾಲದಲ್ಲಿ ಮಕ್ಕಳು ಕೊಡೆ ಒರಗಿಸುತ್ತಿದ್ದದ್ದು ಅದೇ ಗೋಡೆಗೆ. ತಲೆ ಎತ್ತಿದರೆ ಸೂರಿನ ಓರೆ ಮರ, ಅಂದರೆ ಪಕಾಸು, ಗೆದ್ದಲು ಹಿಡಿದು ಬಾಗಿತ್ತು. ಹೆಂಚು ಕೂರುವ ಅಡ್ಡಪಟ್ಟಿ, ಅಂದರೆ ರೀಪು, ಕಳಚಿದ ಕಡೆ ಹೆಂಚುಗಳು ಜಾರಿ ಸೂರಿನ ಅಂಚಿಗೆ ಬಂದು ನಿಂತಿದ್ದವು. ಎಷ್ಟೋ ವರ್ಷದ ಮೇಲೆ ಗೊತ್ತಾಯಿತು, ಆ ಕೊಠಡಿಯನ್ನು ಯಾರೂ ಕಂಡಮ್ ಮಾಡಿರಲೇ ಇಲ್ಲ. ಸುಮ್ನೆ ಪಾಳು ಬಿದ್ದಿತ್ತು.

ಈ ಎರಡು ಪದಗಳ ಜೊತೆ ಬರುವ ಕ್ರಿಯಾಪದ ಗಮನಿಸಿ. ಪಾಳು 'ಬೀಳುತ್ತದೆ'. ಅದಕ್ಕೆ ಯಾರೂ ಬೇಕಿಲ್ಲ, ಮಳೆ ಗಾಳಿ ಸಾಕು. ಕಂಡಮ್ 'ಮಾಡಬೇಕು'. ಅದಕ್ಕೆ ಒಬ್ಬರ ಸಹಿ ಬೇಕು.

ಕಂಡಮ್ ಅನ್ನುವುದು ಇಂಗ್ಲಿಷಿನ condemn. ಅಲ್ಲಿ ಖಂಡಿಸು, ಶಿಕ್ಷೆ ವಿಧಿಸು ಅನ್ನುವ ಅರ್ಥಗಳೂ ಇವೆ. ನಮ್ಮ ಕಚೇರಿಗಳಲ್ಲಿ ಉಳಿದದ್ದು ಒಂದೇ: ಸರ್ಕಾರಿ ವಸ್ತು ಇನ್ನು ಬಳಕೆಗೆ ಯೋಗ್ಯವಲ್ಲ ಎಂದು ಬರೆದು ತೀರ್ಮಾನಿಸುವುದು. ಕಟ್ಟಡವಾದರೆ ಇಂಜಿನಿಯರ್ ಬಂದು ನೋಡಿ ವರದಿ ಕೊಡಬೇಕು. ಮರ, ಹೆಂಚು, ಕಬ್ಬಿಣಕ್ಕೆ ಬೆಲೆ ಕಟ್ಟಬೇಕು. ಹರಾಜು ಕೂಗಿ, ಕೆಡವಿ, ಆಸ್ತಿ ಪಟ್ಟಿಯಿಂದ ತೆಗೆಯಬೇಕು. ಸಹಿ ಬೀಳುವುದು ಈ ಕೆಲಸದ ಶುರು ಅಷ್ಟೆ. ನಾವು ಅದನ್ನೇ ಕೊನೆ ಅಂದುಕೊಂಡು ಬಿಡುತ್ತೇವೆ. ನನಗೆ ಜಾಸ್ತಿ ನೋವಾಗುವುದು ಅಲ್ಲೇ.

ಗಾಡಿಗಳ ವಿಷಯದಲ್ಲಿ ಇದು ಸ್ವಲ್ಪ ಸಲೀಸು. 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನಡೆಯುವುದಿಲ್ಲ ಎಂದು 2023ರ ಏಪ್ರಿಲ್ 1ರಿಂದ ಕೇಂದ್ರದ ನಿಯಮವೇ ಇದೆ. ಹಳೇ ನೀರಿನ ಟ್ಯಾಂಕಿಗೆ, ಬಸ್ ತಂಗುದಾಣಕ್ಕೆ ಹಾಗೆ ಗೊತ್ತಾದ ತಾರೀಕು ಇಲ್ಲ. ಯಾರಾದರೂ ಹೋಗಿ ನೋಡಲೇಬೇಕು.

ಅರಸೀಕೆರೆ, ಕಡೂರಿನ ಬಯಲು ಕಡೆ ಬಂದರೆ ಇನ್ನೊಂದು ಥರದ ಕಂಡಮ್ ಇದೆ. ಬತ್ತಿದ ಬೋರ್‌ವೆಲ್. ನೀರು ನಿಂತ ಮೇಲೆ ಮೋಟಾರು, ಪೈಪು, ಕೇಬಲ್ ಎಲ್ಲ ಎತ್ತಿಕೊಳ್ಳುತ್ತಾರೆ. ಅವಕ್ಕೆ ಬೆಲೆ ಇದೆ ಅಲ್ವಾ? ಕೊಳವೆ ಗುಂಡಿಗೆ ಬೆಲೆ ಇಲ್ಲ, ಅದು ಬಾಯಿ ತೆರೆದುಕೊಂಡೇ ಉಳಿಯುತ್ತದೆ. ಒಂದು ಕೂಸು ಜಾರುವಷ್ಟು ಅಗಲ. ಕೆಲವು ಕಡೆ ಗೋಣಿಚೀಲ ಹಾಕಿ ಮೇಲೊಂದು ಕಲ್ಲು ಇಟ್ಟಿರುತ್ತಾರೆ. ಚೀಲ ಎರಡು ಮಳೆಗೆ ಕೊಳೆಯುತ್ತದೆ. ಕೈಬಿಟ್ಟ ಬೋರ್‌ವೆಲ್ಲನ್ನು ಮಣ್ಣು, ಮರಳು, ಕಲ್ಲು ಹಾಕಿ ತಳದಿಂದ ನೆಲಮಟ್ಟದವರೆಗೆ ತುಂಬಬೇಕು ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಬೋರ್‌ವೆಲ್ಲಿಗೆ ಕಂಡಮ್ ಅಂದರೆ ಇದೇ, ತುಂಬಿ ಮುಗಿಸುವುದು.

ಹೀಗೆ ಮುಗಿಸಲು ಆಗದವೂ ಇವೆ. ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖದಲ್ಲಿ ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಕಬ್ಬಿಣದ ಅದಿರಿನ ಗಣಿ ನಿಂತಿತು. ಯಂತ್ರಗಳಿಗೆ ಕೆಲಸ ಇಲ್ಲ. ಸಾಲು ಸಾಲು ಕ್ವಾರ್ಟರ್ಸ್ ಖಾಲಿ, ಬಾಗಿಲ ಮುಂದೆ ಪಾಚಿ. ಗಣಿಯ ಕೆಸರನ್ನು ತಡೆಯಲು ಭದ್ರೆಯ ಉಪನದಿಗೆ ಕಟ್ಟಿದ ಲಕ್ಯಾ ಅಣೆಕಟ್ಟು ಮಾತ್ರ ಹಾಗೇ ಇದೆ, ಸುಮಾರು 100 ಮೀಟರ್ ಎತ್ತರ. ಅದರ ಹಿಂದೆ ವರ್ಷಗಟ್ಟಲೆ ಬಂದು ಕೂತ ಹೂಳು. ಕೆಡವಿದರೆ ಅಷ್ಟೂ ಹೂಳು ಭದ್ರೆಗೆ ಹೋಗುತ್ತದೆ. ಹಾಗಾಗಿ ಗಣಿ ಮುಚ್ಚಿ ಇಷ್ಟು ವರ್ಷವಾದರೂ, ಪ್ರತಿ ಮಳೆಗಾಲಕ್ಕೂ ಆ ಕಟ್ಟೆಯನ್ನು ಯಾರಾದರೂ ಹೋಗಿ ನೋಡುತ್ತಲೇ ಇರಬೇಕು.