ತೂತಾದ ಬಾಟಲಿ ನಜ್ಜಾಗುವುದಿಲ್ಲ

ಸಕಲೇಶಪುರ ದಾಟಿ ಬಸ್ಸು ಶಿರಾಡಿ ಘಾಟಿ ಇಳಿಯತೊಡಗಿದರೆ ನಾನು ನೀರಿನ ಬಾಟಲಿಯ ಮೇಲೆ ಕಣ್ಣಿಡುತ್ತೇನೆ. ಬೆಂಗಳೂರಿನಲ್ಲಿ ಪೂರ್ತಿ ಕುಡಿದು, ಮುಚ್ಚಳ ಬಿಗಿಯಾಗಿ ತಿರುಗಿಸಿ ಸೀಟಿನ ಬಲೆಗೆ ಸಿಕ್ಕಿಸಿದ ಖಾಲಿ ಬಾಟಲಿ ಅದು. ಗುಂಡ್ಯ ಬರುವ ಹೊತ್ತಿಗೆ ಅದರ ಹೊಟ್ಟೆ ಒಳಕ್ಕೆ ಹೋಗಿರುತ್ತದೆ. ಯಾರೂ ಹಿಂಡಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿನ ಗಾಳಿಯ ಒತ್ತಡ ಕರಾವಳಿಗಿಂತ ಹತ್ತಿರ ಹತ್ತಿರ ಶೇ. 10ರಷ್ಟು ಕಡಿಮೆ. ಬಾಟಲಿಯೊಳಗೆ ಬೆಂಗಳೂರಿನ ಗಾಳಿ, ಹೊರಗೆ ಕರಾವಳಿಯ ಗಾಳಿ. ಹೊರಗಿನದು ಗೆಲ್ಲುತ್ತದೆ.

ಬಸ್ಸಿನಲ್ಲಿರುವವರ ಕಿವಿಗೂ ಇದೇ ಗತಿ. ಕಿವಿಯ ತಮಟೆ ಒಳಕ್ಕೆ ಬಾಗುತ್ತದೆ, ಕಿವಿ ಗುಂಯ್ ಅಂದು ಕಟ್ಟುತ್ತದೆ. ಎಲ್ಲರೂ ಆಕಳಿಸುತ್ತಾರೆ, ಎಂಜಲು ನುಂಗುತ್ತಾರೆ. ನಾನು ನುಂಗುವುದು ಎಡಗಿವಿಗಾಗಿ ಮಾತ್ರ. ಬಲಗಿವಿಗೆ ಘಾಟಿ ಬಂದದ್ದೇ ಗೊತ್ತಾಗುವುದಿಲ್ಲ. ಅದರ ತಮಟೆಯಲ್ಲಿ ಚಿಕ್ಕಂದಿನಿಂದ ಒಂದು ತೂತಿದೆ. ತೂತಾದ ಬಾಟಲಿ ನಜ್ಜಾಗುವುದಿಲ್ಲ, ಅಲ್ವಾ?

ಸೋರುವ, ಮಂದವಾದ ಈ ಕಿವಿಯಿಂದ ನನಗೆ ಎರಡು ಲಾಭ. ಇದು ಒಂದು. ಇನ್ನೊಂದನ್ನು ಆಮೇಲೆ ಹೇಳುತ್ತೇನೆ.

ಕಿವಿ ಸೋರುತ್ತದೆ ಅಂದರೆ ಜನ ಕಿವಿಯನ್ನು ನೋಡುತ್ತಾರೆ. ನೋಡಬೇಕಾದದ್ದು ಮೂಗನ್ನು. ತಮಟೆಯ ಹಿಂದೆ ಒಂದು ಪುಟ್ಟ ಕೋಣೆ ಇದೆ, ಅದರ ತುಂಬ ಗಾಳಿ. ಆ ಕೋಣೆಗಿರುವ ಒಂದೇ ಕಿಟಕಿ ಮೂಗಿನ ಹಿಂಭಾಗದಲ್ಲಿ ತೆರೆಯುತ್ತದೆ. ನಡುವೆ ಸುಮಾರು ಮೂರೂವರೆ ಸೆಂಟಿಮೀಟರ್ ಉದ್ದದ ನಾಳ. ಅದನ್ನು ಸರಿಯಾಗಿ ವರ್ಣಿಸಿದವನು 16ನೇ ಶತಮಾನದ ಇಟಲಿಯ ವೈದ್ಯ ಯೂಸ್ಟೇಕಿ. ಇಂದಿಗೂ ಅದು ಅವನ ಹೆಸರಲ್ಲೇ ಇದೆ, ಯೂಸ್ಟೇಕಿಯನ್ ನಾಳ.

ಈ ಕಿಟಕಿ ಸದಾ ತೆರೆದಿರುವುದಿಲ್ಲ. ನುಂಗಿದಾಗ, ಆಕಳಿಸಿದಾಗ ಒಂದು ಕ್ಷಣ ತೆರೆದು ಮುಚ್ಚುತ್ತದೆ. ಅಷ್ಟು ಸಾಕು, ಆದರೆ ಅಷ್ಟು ಬೇಕೇ ಬೇಕು. ಯಾಕೆಂದರೆ ಕೋಣೆಯ ಗೋಡೆ ಸುಮ್ಮನಿರುವುದಿಲ್ಲ. ಅದರ ಒಳಪದರದ ರಕ್ತನಾಳಗಳು ಅಲ್ಲಿನ ಗಾಳಿಯನ್ನು ಸ್ವಲ್ಪಸ್ವಲ್ಪವೇ ಹೀರುತ್ತಿರುತ್ತವೆ. ನೆಗಡಿಯಿಂದಲೋ ಅಲರ್ಜಿಯಿಂದಲೋ ಕಿಟಕಿ ಊದಿ ಮುಚ್ಚಿಕೊಂಡರೆ ಹೊಸ ಗಾಳಿ ಬರುವುದಿಲ್ಲ, ಹೀರುವುದು ಮಾತ್ರ ನಿಲ್ಲುವುದಿಲ್ಲ. ಅಂದರೆ ಮನೆಯಲ್ಲಿ ಕೂತಲ್ಲೇ ಘಾಟಿ ಇಳಿದ ಹಾಗೆ. ಸ್ಟ್ರಾ ಹಾಕಿ ಹೀರುತ್ತಾ ಹೋದಂತೆ ಜ್ಯೂಸ್ ಪೊಟ್ಟಣದ ಕೆನ್ನೆ ಒಳಕ್ಕೆ ಹೋಗುತ್ತದಲ್ಲ, ಹಾಗೆ. ತಮಟೆ ಒಳಕ್ಕೆ ಎಳೆದುಕೊಳ್ಳುತ್ತದೆ. ಗೋಡೆಯಿಂದ ನೀರು ಜಿನುಗುತ್ತದೆ, ಮಳೆಗಾಲದಲ್ಲಿ ಬೀಗ ಹಾಕಿಟ್ಟ ಕೋಣೆಯ ಗೋಡೆ ಬೆವರುವ ಹಾಗೆ. ಮೂಗಿನಿಂದ ಹತ್ತಿ ಬಂದ ಕೀಟಾಣುಗಳಿಗೆ ಇನ್ನೇನು ಬೇಕು? ನೀರು ಕೀವಾಗುತ್ತದೆ. ಕೀವು ತುಂಬಿ ಒತ್ತಡ ತಿರುಗಿ ಹೊರಮುಖವಾಗುತ್ತದೆ. ರಾತ್ರಿಯೆಲ್ಲ ಅತ್ತ ಮಗು ಬೆಳಗಿನ ಜಾವ ಹಠಾತ್ತಾಗಿ ನಿದ್ದೆ ಹೋಗುತ್ತದೆ, ದಿಂಬಿನ ಮೇಲೆ ಹಳದಿ ಕಲೆ. ತಮಟೆ ಹರಿದಿದೆ. ಹೆಚ್ಚಿನ ತೂತುಗಳು ತಾವೇ ಮುಚ್ಚಿಕೊಳ್ಳುತ್ತವೆ. ನನ್ನದು ಮುಚ್ಚಲಿಲ್ಲ.

ಮೂಗಿಗೂ ಕಿವಿಗೂ ಏನು ನಂಟು ಅನ್ನುವವರಿಗೆ ನಾನೇ ಸಾಕ್ಷಿ. ಮೂಗು, ಬಾಯಿ ಮುಚ್ಚಿ ಊದಿದರೆ ನನ್ನ ಬಲಗಿವಿಯಿಂದ ಸುಯ್ ಅಂತ ಗಾಳಿ ಹೊರಬರುತ್ತದೆ. ವಿಮಾನದಲ್ಲಿ ಕಿವಿ ಬಿಡಿಸಿಕೊಳ್ಳಲು ಜನ ಮಾಡುವ ಈ ಕಸರತ್ತಿಗೆ ವಲ್ಸಾಲ್ವಾ ಎಂಬ ಇಟಲಿಯ ವೈದ್ಯನ ಹೆಸರು. 1704ರಲ್ಲಿ ಕಿವಿಯ ಬಗ್ಗೆ ಪುಸ್ತಕ ಬರೆದ ಅವನಿಗೆ ವಿಮಾನ ಎಲ್ಲಿಂದ ಗೊತ್ತು? ಅವನು ಇದನ್ನು ಹೇಳಿದ್ದು ಕಿವಿಯ ಕೀವನ್ನು ಹೊರಗೆ ತಳ್ಳಲಿಕ್ಕೆ. ನೆಗಡಿ ಇದ್ದಾಗ ಇದನ್ನು ಜೋರಾಗಿ ಮಾಡಬೇಡಿ, ಮೂಗಿನ ಕೊಳೆಯೆಲ್ಲ ಮೇಲಕ್ಕೆ ಹೋಗುತ್ತದೆ.

ಈಗ ಲಾಲ್‌ಬಾಗ್‌ಗೆ ಬನ್ನಿ. ಡಿಸೆಂಬರಿನ ಬೆಳಗ್ಗೆ ಆರೂವರೆ. ಮಂಕಿ ಕ್ಯಾಪು, ಅದರೊಳಗೆ ಕಿವಿಗೆ ಹತ್ತಿ. 'ತಣ್ಣನೆ ಗಾಳಿ ಕಿವಿಗೆ ಹೊಕ್ಕರೆ ಸೋರುತ್ತೆ' ಅಂತ ಹೆದರಿಕೆ. ತಮಟೆ ನೆಟ್ಟಗಿದ್ದರೆ ಗಾಳಿ ಹೊಗುವುದಾದರೂ ಎಲ್ಲಿಗೆ? ಅದು ಗಟ್ಟಿ ಮುಚ್ಚಿದ ಬಾಗಿಲು. ಕ್ಯಾಪ್ ಹಾಕಿಕೊಳ್ಳಿ, ಬೆಚ್ಚಗಿರುತ್ತೆ, ನನ್ನ ತಕರಾರಿಲ್ಲ. ಆದರೆ ಕಾಂಗ್ರೆಸ್ ಹುಲ್ಲಿನ ಪರಾಗ, ರಸ್ತೆಯ ಧೂಳು ಸೇರಿ ಮೂಗು ಕಟ್ಟಿಸುತ್ತವಲ್ಲ, ಆ ದಾರಿಗೆ ಯಾರೂ ಕ್ಯಾಪ್ ಹಾಕುವುದಿಲ್ಲ.

ನನಗೆ ನಿಜಕ್ಕೂ ಕೋಪ ಬರುವುದು ಎಣ್ಣೆಯ ಮೇಲೆ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ನನ್ನ ಕಿವಿಗೆ ಎಷ್ಟು ಚಮಚ ಹೋಗಿದೆಯೋ ಲೆಕ್ಕವಿಲ್ಲ. ಬೆಳ್ಳುಳ್ಳಿಗೆ ಕೀಟಾಣು ಕೊಲ್ಲುವ ಗುಣ ಇದೆ, ಪ್ರಯೋಗಾಲಯದ ತಟ್ಟೆಯಲ್ಲಿ. ತೂತಿರುವ ಕಿವಿಗೆ ಸುರಿದ ಎಣ್ಣೆ ಮಾತ್ರ ಸೀದಾ ಆ ಕೋಣೆಯೊಳಗೆ ಇಳಿಯುತ್ತದೆ, ಜೊತೆಗೆ ಕಿವಿಯ ಕೊಳೆಯನ್ನೂ ಕರೆದುಕೊಂಡು ಹೋಗುತ್ತದೆ. ಅಂಗಡಿಯಲ್ಲಿ ಕೇಳಿ ತರುವ ಕಿವಿ ಹನಿಯೂ ಅಷ್ಟೇ. ಜೆಂಟಾಮೈಸಿನ್‌ನಂಥ ಔಷಧಿ ತೂತಿನ ಮೂಲಕ ಹೋಗಿ, ಆ ಕೋಣೆಯನ್ನೂ ದಾಟಿ ಒಳಗಿವಿ ಸೇರಿದರೆ ಅಲ್ಲಿನ ಸಂವೇದನಾ ಕೋಶಗಳನ್ನೇ ಹಾಳುಮಾಡಬಹುದು. ಡಾಕ್ಟರು ತಮಟೆ ನೋಡದೆ ಹನಿ ಹಾಕಬಾರದು ಅನ್ನುವುದು ಇದಕ್ಕೇ.

ವಾಸಿಯಾದದ್ದು ಮತ್ತೆ ಯಾಕೆ ಸೋರುತ್ತದೆ? ಬಚ್ಚಲುಮನೆಯ ಕಲ್ಲು ನೆನೆಸಿಕೊಳ್ಳಿ. ನೀರು ಸುರಿದರೆ ಅದರ ಜಾರು ಪದರ ಹೋಗುವುದಿಲ್ಲ, ತಿಕ್ಕಬೇಕು. ಹಳೆಯ ಕಿವಿಯಲ್ಲಿ ಸ್ಯೂಡೊಮೊನಾಸ್‌ನಂಥ ಬ್ಯಾಕ್ಟೀರಿಯಾಗಳು ಇಂಥದೇ ಲೋಳೆ ಹೊದ್ದು ಕೂರುತ್ತವೆ. ಮಾತ್ರೆ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ಮೊದಲು ಕೀವು ಹೀರಿ ತೆಗೆದು, ಆಮೇಲೆ ಸರಿಯಾದ ಹನಿ. ನನ್ನ ಬಚ್ಚಲಲ್ಲಿ ಸೋಪಿನ ಪಕ್ಕ ವ್ಯಾಸಲೀನ್ ಡಬ್ಬಿ ಇರುತ್ತದೆ. ಹತ್ತಿಗೆ ಅದನ್ನು ಸವರಿ ಕಿವಿಗಿಟ್ಟುಕೊಳ್ಳದೆ ಒಂದು ಚೊಂಬು ನೀರೂ ತಲೆಗೆ ಬೀಳುವುದಿಲ್ಲ. ಸೋರುವುದು ಕೆಟ್ಟ ವಾಸನೆ ಬಂದರೆ ಮಾತ್ರ ತಡಮಾಡಬೇಡಿ. ಒಳಗೆ ಚರ್ಮ ಬೆಳೆದು ಮೂಳೆಯನ್ನೇ ತಿನ್ನುತ್ತಿರಬಹುದು, ಅದಕ್ಕೆ ಆಪರೇಷನ್ನೇ ದಾರಿ.

ಇನ್ನು ಕೇಳಿಸುವ ವಿಚಾರ. ಒಳಗಿವಿಯಲ್ಲಿರುವುದು ದ್ರವ. ಗಾಳಿಯಲ್ಲಿ ಬಂದ ಶಬ್ದ ನೀರಿಗೆ ಬಡಿದರೆ ಸುಮಾರು ಶೇ. 99.9ರಷ್ಟು ಶಕ್ತಿ ವಾಪಸ್ ಹೋಗುತ್ತದೆ. ಕೆರೆಯಲ್ಲಿ ಮುಳುಗಿದವನನ್ನು ದಡದಿಂದ ಕೂಗಿ ನೋಡಿ! ಈ ನಷ್ಟ ತುಂಬಲು ಆ ಕೋಣೆಯೊಳಗೆ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಮೂಳೆಗಳಿವೆ. ತಮಟೆಯ ಕೆಲಸಕ್ಕೆ ಬರುವ ಭಾಗ ಸುಮಾರು 55 ಚದರ ಮಿಲಿಮೀಟರ್, ರಿಕಾಪಿನ ಪಾದ ಸುಮಾರು 3.2. ಮೊಳೆಯ ಅಗಲ ತಲೆಗೆ ಹೊಡೆದರೆ ಚೂಪು ತುದಿ ಗೋಡೆಗೆ ಇಳಿಯುತ್ತದಲ್ಲ, ಅದೇ ಉಪಾಯ: ಒತ್ತಡ 17 ಪಟ್ಟು. ಮೂಳೆಗಳು ಏತದ ಹಾಗೆ ಮೀಟಿ ಇನ್ನೊಂದು 1.3 ಪಟ್ಟು ಸೇರಿಸುತ್ತವೆ. ಒಟ್ಟು 22 ಪಟ್ಟು. ಮಜಾ ಏನೆಂದರೆ ಸುತ್ತಿಗೆ, ಅಡಿಗಲ್ಲುಗಳು ಹಲ್ಲಿ ಜಾತಿಯ ಪ್ರಾಣಿಗಳಲ್ಲಿ ಇವತ್ತಿಗೂ ದವಡೆಯ ಮೂಳೆಗಳು. ಜರ್ಮನಿಯ ರೈಕರ್ಟ್ ಎಂಬ ವಿಜ್ಞಾನಿ ಭ್ರೂಣಗಳನ್ನು ನೋಡಿ 1837ರಲ್ಲೇ ಈ ನಂಟು ಹಿಡಿದಿದ್ದ. ಅಗಿಯುವ ಮೂಳೆ ಕೇಳುವ ಮೂಳೆಯಾಯಿತು! ತಮಟೆ ತೂತಾದರೆ ಈ ಲೆಕ್ಕವೆಲ್ಲ ಏರುಪೇರು.

'ಇನ್ನೊಂದು ಕಿವಿ ಇದೆಯಲ್ಲ, ಸಾಕು ಬಿಡಿ' ಅನ್ನುವವರು ಬಹಳ. ಈ ಕಿವೀಲಿ ಕೇಳಿ ಆ ಕಿವೀಲಿ ಬಿಡೋ ಭಾಗ್ಯ ಇರುವವರ ಮಾತದು. ಎಡಗಡೆಯಿಂದ ಬಂದ ಶಬ್ದ ಎಡಗಿವಿಗೆ ಮೊದಲು ತಲುಪುತ್ತದೆ, ಬಲಗಿವಿಗೆ ತಲೆ ಸುತ್ತಿ ಬರಬೇಕು. ತಡ ಆಗುವುದು ಹೆಚ್ಚೆಂದರೆ ಸೆಕೆಂಡಿನ ಸುಮಾರು 1,500ನೇ ಒಂದು ಭಾಗ. ಕೀರಲು ಶಬ್ದಕ್ಕಾದರೆ ತಲೆಯ ನೆರಳೇ ಅಡ್ಡ ಬರುತ್ತದೆ. ಈ ಎರಡು ಸುಳಿವುಗಳಿಂದ ಮೆದುಳು ದಿಕ್ಕು ಹಿಡಿಯುತ್ತದೆ ಎಂದು 1907ರಲ್ಲಿ ಇಂಗ್ಲೆಂಡಿನ ಭೌತವಿಜ್ಞಾನಿ ರೇಲೀ ವಿವರಿಸಿದ. ನನ್ನ ಮೆದುಳಿಗೆ ಹೋಲಿಸಲು ಎರಡನೇ ಕಿವಿಯ ಸುದ್ದಿಯೇ ಸರಿಯಾಗಿ ಬರುವುದಿಲ್ಲ. ಮನೆಯಲ್ಲಿ ಫೋನು ಬಡಿದುಕೊಳ್ಳುತ್ತಿದ್ದರೆ ಕೋಣೆ ಕೋಣೆ ಸುತ್ತುತ್ತೇನೆ. ರಸ್ತೆ ದಾಟುವಾಗ ಗಾಡಿ ಮೊದಲು ಬರುವುದು ಬಲಗಡೆಯಿಂದ, ನನ್ನ ಮಂದ ಕಿವಿ ಇರುವುದೂ ಅದೇ ಕಡೆ. ಕ್ಯಾಬಿನಲ್ಲಿ ಮುಂದೆ ಕೂತರೆ ಡ್ರೈವರ್ ಮೂರು ಸಲ ಓಟಿಪಿ ಕೇಳಿ ನನ್ನನ್ನು ಜಂಬದ ಮನುಷ್ಯ ಅಂದುಕೊಳ್ಳುತ್ತಾನೆ. ಕಲ್ಯಾಣ ಮಂಟಪದಲ್ಲಿ ಓಲಗ ಶುರುವಾದರಂತೂ ಎದುರಿದ್ದವರ ತುಟಿ ನೋಡಿ ತಲೆ ಅಲ್ಲಾಡಿಸುತ್ತೇನೆ. ಒಮ್ಮೆ ಹಾಗೆ ಅಲ್ಲಾಡಿಸಿದ್ದಕ್ಕೆ ಎಲೆಗೆ ನಾಲ್ಕು ಹೋಳಿಗೆ ಬಿತ್ತು.

ಕಳೆದ ವರ್ಷ ಡಾಕ್ಟರೊಬ್ಬರು ಶ್ರುತಿಕವೆಯನ್ನು (ಟ್ಯೂನಿಂಗ್ ಫೋರ್ಕ್) ಮೊಣಕೈಗೆ ತಟ್ಟಿ ನನ್ನ ಹಣೆಯ ಮಧ್ಯಕ್ಕೆ ಒತ್ತಿದರು. 'ಯಾವ ಕಡೆ ಜಾಸ್ತಿ ಕೇಳುತ್ತೆ?' ಬಲಗಡೆ! ಕೆಟ್ಟ ಕಿವಿಯಲ್ಲೇ ಜೋರು. ನಾನು ಬೆಪ್ಪಾದೆ, ಅವರು ನಕ್ಕರು. ನೀವೂ ಮಾಡಿ ನೋಡಬಹುದು. ಒಂದು ಕಿವಿಗೆ ಬೆರಳಿಟ್ಟು 'ಮ್‌ಮ್' ಅನ್ನಿ, ಸದ್ದು ಮುಚ್ಚಿದ ಕಡೆಗೇ ಓಡುತ್ತದೆ. ತಲೆಬುರುಡೆಯ ಮೂಳೆಯಿಂದ ಬಂದ ಶಬ್ದ ತಮಟೆಯ ದಾರಿ ಹಿಡಿಯದೆ ಒಳಗಿವಿಗೆ ಹೋಗುತ್ತದೆ, ಮುಚ್ಚಿದ ಕಡೆ ಹೊರಗೆ ಸೋರಿಹೋಗುವುದೂ ಕಡಿಮೆ. ಅಂದರೆ ನನ್ನ ಒಳಗಿವಿ ಕೆಲಸ ಮಾಡುತ್ತಿದೆ, ಕೆಟ್ಟಿರುವುದು ದಾರಿ ಮಾತ್ರ. ಕಿವಿಯ ಮೇಲ್ಗಡೆಯ ಸ್ನಾಯುವಿನ ಹೊದಿಕೆ ತೆಗೆದು ತಮಟೆಗೆ ತೇಪೆ ಹಾಕಬಹುದಂತೆ. ಅದಕ್ಕೆ ಮುಂಚೆ ಮೂಗು ಸರಿಯಾಗಬೇಕು, ಕಿವಿ ಕೆಲವು ತಿಂಗಳು ಒಣಗಿರಬೇಕು. ದಿನ ಎಣಿಸುತ್ತಿದ್ದೇನೆ.

ಎರಡನೇ ಲಾಭ ಹೇಳುತ್ತೇನೆ ಅಂದಿದ್ದೆ. ಒಳ್ಳೆಯ ಕಿವಿಯನ್ನು ದಿಂಬಿಗೆ ಒತ್ತಿ ಎಡಮಗ್ಗುಲಿಗೆ ಮಲಗಿದರೆ ಬೆಂಗಳೂರಿನ ಸದ್ದು ಅರ್ಧಕ್ಕರ್ಧ ಇಳಿದುಹೋಗುತ್ತದೆ. ಮೊನ್ನೆ ಪಕ್ಕದ ಸೈಟಿಗೆ ರಾತ್ರಿ ಒಂದು ಗಂಟೆಗೆ ಬೋರ್‌ವೆಲ್ ಲಾರಿ ಬಂದಿತ್ತಂತೆ. ಬೀದಿಯವರೆಲ್ಲ ಎದ್ದು ಜಗಳ ಆಡಿದರಂತೆ. ಬೆಳಗ್ಗೆ ಗೇಟಿನ ಮುಂದೆ ಬೂದಿ ಬಣ್ಣದ ಕೆಸರು ನೋಡಿದ ಮೇಲೆ ನನಗೆ ಗೊತ್ತಾಯಿತು.